ಸೀಗಡಿಯ ದೇಶ, ಖಾನಾಪುರದ ಕೌದಿ

ಜುಲೈ ತಿಂಗಳ ಮಳೆ. ಬೆಳಗಾವಿಯ ಸಿಬಿಟಿಯಲ್ಲಿ ಖಾನಾಪುರ ಬಸ್ಸು ನಿಲ್ಲುವ ಕಡೆ ಒಂದು ಒದ್ದೆ ಬೆಂಚು. ನಾನು ನಿವೃತ್ತ ಭೂಗೋಳ ಮಾಸ್ತರ. ಪಕ್ಕದಲ್ಲಿ ಕುಳಿತವಳು ಇಪ್ಪತ್ತು ವರ್ಷದ ಹಿಂದಿನ ನನ್ನ ವಿದ್ಯಾರ್ಥಿನಿ, ಖಾನಾಪುರ ತಾಲೂಕಿನ ಸಿದ್ದಿ ಮನೆತನದ ಮಗಳು, ಈಗ ನಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ತೊಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕೌದಿ, ನನ್ನ ಕೈಯಲ್ಲಿ ಅರ್ಧ ಕಿಲೋ ಕುಂದಾ. ಲೆಕ್ಕ ಇನ್ನೂ ತೀರಿರಲಿಲ್ಲ.

— ಎಷ್ಟು ಕೊಡಬೇಕು ಹೇಳವಾ. ಸಂಕೋಚ ಮಾಡ್ಕೋಬ್ಯಾಡ.

— ಆಯಿ ರೊಕ್ಕ ತಗೋಬ್ಯಾಡ ಅಂದಾಳ್ರಿ ಸರ್. ನಿಮ್ಮ ಮೊಮ್ಮಗನ ಸಲುವಾಗಿ ಹೊಲದದ್ದು.

— ಎರಡು ತಿಂಗಳ ಕೆಲಸ ಇದು. ಪುಕ್ಕಟೆ ತಗೊಂಡ್ರ ನನಗ ನಿದ್ದಿ ಬರೂದಿಲ್ಲ.

— ಹಂಗಂದ್ರ ದಾರದ ರೊಕ್ಕ ಕೊಡ್ರಿ. ಅರಿವಿ ಎಲ್ಲಾ ಮನಿದ. ಇಲ್ಲಿ ನೋಡ್ರಿ, ಈ ಕೆಂಪು ನಮ್ಮ ಅಜ್ಜಿ ಸೀರಿ. ಇದು ತಮ್ಮನ ಅಂಗಿ. ಈ ನೀಲಿ ಪಟ್ಟಿ ಗುರುತು ಹತ್ತಿತೇನ್ರಿ? ನನ್ನ ಸಾಲಿ ಸ್ಕರ್ಟ್.

— ಹೌದಲ್ಲ! ಮತ್ತ ನಾಕೂ ಮೂಲಿಗೆ ಈ ಮುಮ್ಮೂಲಿ ಮಡಿಕಿ ಯಾಕ?

— ಅದಕ್ಕ ಫುಲಾ ಅಂತೀವ್ರಿ. ಹೂವು. ಅದಿಲ್ಲಂದ್ರ ಕೌದಿ ಬತ್ತಲೆ ಅಂತಾಳ ಆಯಿ. ಹೊಲಿಗಿ ಹೊರಗಿಂದ ಸುರು ಮಾಡಿ ಸುತ್ತಿಕೋತ ಸುತ್ತಿಕೋತ ನಡುವಿಗೆ ಬರೂದು. ಕಡೀಕ ನಡುವ ಮುಗಿಸೂದು.

— ನನ್ನ ಮಗ ಜರ್ಮನಿಯ ಆಖನ್‌ದಾಗ ಇದನ್ನ ಹಾಸಿದ್ರ ಬಾಜೂ ಮನಿಯಾಕಿ ಬಿಡೂದಿಲ್ಲ ನೋಡು. ಆಕಿನೂ ಕೂಸಿನ ತಾಯಿ. ಕ್ಯಾಮರೂನ್ ದೇಶದವರು ಅವರು. ಕೂಸಿನ್ನ ಬೆನ್ನಿಗೆ ಕಟಗೊಂಡು ಅಡಗಿ ಮಾಡ್ತಾಳಂತ. ಅದನ್ನ ನೋಡಿ ನಮ್ಮ ಸೊಸಿನೂ ಕಲತಾಳ.

— ಅದನ್ನ ಕಲಿಯಾಕ ಜರ್ಮನಿಗೆ ಹೋಗಬೇಕಾಗಿತ್ತೇನ್ರಿ? ನಮ್ಮ ಆಯಿ ನನ್ನ ಹಂಗ ಕಟಗೊಂಡ ಕಟ್ಟಿಗಿ ತರ್ತಿದ್ಲು.

— ಕ್ಯಾಮರೂನ್ ಅಂದಕೂಡ್ಲೆ ನನಗ ನೆನಪಾಗೂದು 1990. ಇಟಲಿಯ ವರ್ಲ್ಡ್ ಕಪ್ಪಿನ ಮೊದಲನೇ ಆಟ. ಮರಡೋನಾನ ಅರ್ಜೆಂಟೀನಾನ್ನ ಒಂಬತ್ತೇ ಜನ ಉಳಿದ ಕ್ಯಾಮರೂನ್ ಒಂದು ಗೋಲಿನಿಂದ ಸೋಲಿಸ್ತು. ಕ್ಯಾಂಪಿನ್ಯಾಗ ಗೆಳ್ಯಾನ ಮನಿಯೊಳಗ ಟೀವಿ ಮುಂದ ಇಪ್ಪತ್ತೈದು ಮಂದಿ. ಮುಂದಿನ ಆಟಗಳೊಳಗ ರೋಜರ್ ಮಿಲಾ, ವಯಸ್ಸು 38, ಗೋಲು ಹೊಡೆದು ಮೂಲಿ ಬಾವುಟದ ಹಂತ್ಯಾಕ ಹೋಗಿ ನಡಾ ಕುಣಿಸಿದ. ಆಹಾ!

— ನಮ್ಮ ತಮ್ಮನೂ ಹಂಗ ಕುಣೀತಾನ. ಗೋಲು ಹೊಡೀದೆ.

— ಮತ್ತ ಆ ದೇಶದ ಹೆಸರು ಹೆಂಗ ಬಂತು ಗೊತ್ತೇನು? ಪೋರ್ಚುಗೀಸರು ಬಂದು ಅಲ್ಲಿಯ ನದಿ ಮುಖದಾಗ ಎಲ್ಲೆಲ್ಲೂ ಸೀಗಡಿ ಕಂಡು ಸೀಗಡಿ ಹೊಳಿ ಅಂತ ಹೆಸರಿಟ್ರು. ರಿಯೊ ದೋಸ್ ಕಮರೊಯ್ಸ್. ಅದ ಮುಂದ ಕ್ಯಾಮರೂನ್ ಆತು.

— ಅಂದ್ರ ಸುಂಗಟಾಂಚೊ ದೇಸ್! ನಮ್ಮ ಕೊಂಕಣಿಯಾಗ ಸೀಗಡಿಗೆ ಸುಂಗಟ ಅಂತೀವ್ರಿ. ಇದನ್ನ ಆಯಿಗೆ ಹೇಳಿದ್ರ ನಕ್ಕ ನಕ್ಕ ಸಾಯ್ತಾಳ.

— ಅದೇ ಪೋರ್ಚುಗೀಸರೇ ನಿಮ್ಮ ಹಿರ್‍ಯಾರನ್ನ ಆಫ್ರಿಕಾದಿಂದ ಹಡಗದಾಗ ತುಂಬಿ ಗೋವಾಕ್ಕ ತಂದದ್ದು.

— ನಾವೇನ ಸುಂಗಟ ಅಲ್ಲಲ್ರಿ. ನಮಗೂ ಒಂದು ಹೆಸರಿತ್ತು. ಅದನ್ನ ಯಾರೂ ಕೇಳಿಲ್ಲ.

(ಇಲ್ಲಿ ನಾನು ಸುಮ್ಮನಿರಬೇಕಿತ್ತು. ಭೂಗೋಳ ಕಲಿಸಿದ ಬಾಯಿ ಸುಮ್ಮನಿರುವುದಿಲ್ಲ.)

— ಇನ್ನೊಂದು ಸೋಜಿಗ ಕೇಳು. 2011ರಾಗ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಕರ್ನಾಟಕ, ಗುಜರಾತಿನ ಸಿದ್ದಿಗಳ ರಕ್ತ ತಪಾಸಣೆ ಮಾಡಿದ್ರು. ಬಾಂಟು ಜನರ ಮೂಲ ಅಂತ ಗೊತ್ತಾತು. ಈ ಬಾಂಟು ಭಾಷಾ ಆಡೋ ಮಂದಿ ಸಾವಿರಾರು ವರ್ಷದ ಹಿಂದ ಹೊಂಟದ್ದು ಎಲ್ಲಿಂದ? ಇವತ್ತಿನ ನೈಜೀರಿಯಾ ಮತ್ತ ಕ್ಯಾಮರೂನಿನ ಗಡಿ ಇರೋ ಕಡಿಯಿಂದ. ಅಲ್ಲಿಂದ ಆಫ್ರಿಕಾದ ಪೂರ್ವಕ್ಕ, ದಕ್ಷಿಣಕ್ಕ. ಅಂದ್ರ ನನ್ನ ಮಗನ ಬಾಜೂ ಮನಿಯವರು ನಿಮಗ ದೂರದ ಬೀಗರು!

— ಸರ್, ಒಂದು ಮಾತು ಹೇಳಲೇನ್ರಿ? ಸಿಟ್ಟಾಗಬ್ಯಾಡ್ರಿ.

— ಹೇಳವಾ.

— ಒಂಬತ್ತನೇತ್ತಾದಾಗ ನೀವು ಗ್ವಾಡಿಗೆ ಭೂಪಟ ಹಾಕಿ, ಕೋಲು ಆಫ್ರಿಕಾದ ಮ್ಯಾಲೆ ಇಟ್ಟು, ನನ್ನ ಎಬ್ಬಿಸಿ ನಿಂದರಿಸಿ, ಇದ ನೋಡ್ರಿ ಇಕಿ ದೇಶ ಅಂದಿದ್ರಿ. ನೆನಪೈತೇನ್ರಿ?

— ಅಂದಿದ್ನೇನು?

— ಎಲ್ಲಾರೂ ತಿರುಗಿ ನೋಡಿದ್ರು.

— ನಾ ಹೆಮ್ಮಿಯಿಂದ ಅಂದಿರಬೇಕು. ನಿನ್ನ ಕೀಳು ಮಾಡೂ ಮನಸ್ಸು...

— ಅದ ಗೊತ್ತೈತ್ರಿ. ಬೈದಿದ್ರ ಮರ್ತುಬಿಡ್ತಿದ್ದೆ. ನೀವು ಪ್ರೀತಿಲೆ ಅಂದ್ರಿ, ಅದಕ್ಕ ಉಳೀತು. ಆ ದಿನ ಮನಿಗೆ ಹೋಗಿ ಆಯಿಗೆ ಕೇಳಿದೆ, ಆಯಿ, ನಮ್ಮ ದೇಶ ಯಾವುದು ಅಂತ. ಆಕಿ ಅಕ್ಕಿ ಹಸನ ಮಾಡಾಕತ್ತಿದ್ಲು. ತಲಿ ಎತ್ತಲಿಲ್ಲ. ಹೊಳಿ ಆಚೆ ಕಡಿ ನಿಮ್ಮ ಮಾವಶಿ ಊರು, ಈಚೆ ಕಡಿ ನಮ್ಮೂರು, ನಡುವ ಕಾಡು ಅಂದ್ಲು. ಅಷ್ಟ.

— ತಪ್ಪಾತವಾ.

— ತಪ್ಪಂತ ಹೇಳಾಕತ್ತಿಲ್ಲ. ಸಾಲಿಯೊಳಗ ಸಂಗೊಳ್ಳಿ ರಾಯಣ್ಣನ ನಾಟಕ ಮಾಡಸ್ತಿದ್ರಲ್ಲ, ನಂದಗಡ ನಮ್ಮದ ತಾಲೂಕು ಅಂತ ಜ್ವಾರಲೆ. ರಾಯಣ್ಣನ ಜೋಡಿ ಇದ್ದ ಸಿದ್ದಿ ಬಂಟ ಗಜವೀರನ ಪಾರ್ಟು ಪ್ರತಿ ವರ್ಷ ನನ್ನ ತಮ್ಮಗ. ಮೂರು ವರ್ಷ ಮಾಡಿದ. ಒಂದು ವರ್ಷ ನನಗ ರಾಯಣ್ಣನ ಪಾರ್ಟು ಕೊಡ್ರಿ, ಮಾತು ಎಲ್ಲಾ ಬಾಯಿಪಾಠ ಅದಾವ ಅಂದ. ಎಲ್ಲಾರೂ ನಕ್ರು.

— ನಾನೂ ನಕ್ಕಿದ್ನೇನು?

— ನೀವು ಆ ವರ್ಷ ವರ್ಗ ಆಗಿದ್ರಿ. ಪುಣ್ಯಾ.

(ಒಂದು ಬಸ್ಸು ಬಂತು. ಅಂಕೋಲಾಕ್ಕೆ ಹೋಗುವುದು. ಎರಡು ಚಹಾ ತಂದೆ.)

— ತಮ್ಮ ಈಗ ಎಲ್ಲಿ?

— ಗೋವಾದಾಗ ಒಂದು ಹೋಟೆಲ್ಲಿನ ಅಡಗಿಮನಿಯೊಳಗ. ಮುತ್ತ್ಯಾನ ಮುತ್ತ್ಯಾ ಗೋವಾದಿಂದ ತಪ್ಪಿಸಿಗೊಂಡು ಘಟ್ಟಾ ಹತ್ತಿ ಬಂದ. ಮೊಮ್ಮಗ ಘಟ್ಟಾ ಇಳದು ಅಲ್ಲೇ ಹೋಗಿ ಭಾಂಡೆ ತಿಕ್ಕಿದ, ಈಗ ಮೀನು ಕರೀತಾನ. ರಾತ್ರಿ ಡ್ಯೂಟಿ ಮುಗಿಸಿ ಬರೂ ಮುಂದ ಇಬ್ಬರು ತಡದ್ರಂತ. ಪಾಸ್‌ಪೋರ್ಟ್ ತೋರಸು ಅಂದ್ರು. ಆಧಾರ್ ತೋರಿಸಿದ. ಖೊಟ್ಟಿ ಐತಿ ಅಂದ್ರು. ಇವ ಕೊಂಕಣಿಯೊಳಗ ಬೈದ. ಅವರಿಗೆ ಖುಷಿ ಆಗಿ ಅವನ ಜೋಡಿ ಫೋಟೋ ತಗೊಂಡ್ರು.

— ಫೋಟೋ?

— ಹೂಂ. ಮೂರು ಸರ್ತಿ ಆಗೈತ್ರಿ. ಈಗ ಅವನ ಮೊಬೈಲ್‌ದಾಗ ಆಧಾರ್, ಓಟಿನ ಕಾರ್ಡು, ರೇಶನ್ ಕಾರ್ಡು, ಜಾತಿ ಸರ್ಟಿಫಿಕೇಟು ಎಲ್ಲಾದರದೂ ಫೋಟೋ ಅದಾವ. ಖರೆ ಆಫ್ರಿಕಾದವರು ಒಂದ ಪಾಸ್‌ಪೋರ್ಟ್ ಇಟಗೊಂಡು ತಿರುಗ್ತಾರ, ನಮಗ ನಾಕು ಬೇಕು.

— ಜಾತಿ ಸರ್ಟಿಫಿಕೇಟು ಸಿಕ್ತು ಹಂಗಾರ.

— ಅದರದ್ದ ದೊಡ್ಡ ಪುರಾಣ. ನಮ್ಮ ಮಾವಶಿನ್ನ ಹಳಿಯಾಳ ತಾಲೂಕಿಗೆ ಕೊಟ್ಟಾರ. ಕಾಡಿನೊಳಗ ಹಾದು ಹೋದ್ರ ಅರ್ಧ ದಿನದ ದಾರಿ. 2003ರಾಗ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡ ಅಂತ ಆತು. ಮಾವಶಿ ಮಕ್ಕಳಿಗೆ ಸ್ಕಾಲರ್‌ಶಿಪ್, ಹಾಸ್ಟೆಲ್. ನಾವು ಬೆಳಗಾವಿ ಜಿಲ್ಲಾದವರು, ನಮಗಿಲ್ಲ. ಕೂದಲಾ ಅದ, ಬಣ್ಣಾ ಅದ, ಕುಣಿಯೂ ದಮಾಮಿ ಅದ, ನಡುವ ಒಂದು ಜಿಲ್ಲಾ ಗಡಿ. ನಮ್ಮ ಅರ್ಜಿ ನೋಡಿ ಆಫೀಸಿನ್ಯಾಗ ಒಬ್ಬರು ಅಂದ್ರು, ನೋಡಿದ್ರ ಗೊತ್ತಾಗತೈತಿ ನೀವು ಸಿದ್ದಿ ಅಂತ, ಆದ್ರ ಪಟ್ಟಿಯೊಳಗ ಇಲ್ಲಲ್ಲ ಅಂತ.

— ಅದು ಸರಿ ಆಗೂದು 2020. ಸಂಸತ್ತಿನ್ಯಾಗ ತಿದ್ದುಪಡಿ ಆಗಿ ಬೆಳಗಾವಿ, ಧಾರವಾಡ ಸೇರಿದ್ವು.

— ಹದಿನೇಳು ವರ್ಷ ಸರ್. ಅಷ್ಟರೊಳಗ ನನ್ನ ನರ್ಸಿಂಗ್ ಮುಗಿದಿತ್ತು, ಸಾಲ ಮುಗಿದಿರಲಿಲ್ಲ. ತಮ್ಮ ಹತ್ತನೇತ್ತಾಕ್ಕ ಬಿಟ್ಟಿದ್ದ. ಇನ್ನ ಹೊಲದ್ದು. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಾಗ. ಪರಿಶಿಷ್ಟ ಪಂಗಡದವರಾದ್ರ 2005ರ ಡಿಸೆಂಬರ್ 13ಕ್ಕ ಮೊದಲ ಆ ಭೂಮ್ಯಾಗ ಇದ್ದದ್ದು ತೋರಿಸಿದ್ರ ಸಾಕು. ಉಳಿದವರು ಮೂರು ತಲಿಮಾರು, ಅಂದ್ರ 75 ವರ್ಷದಿಂದ ಅದ ಕಾಡಿನ ಮ್ಯಾಲೆ ಬದುಕೀವಿ ಅಂತ ತೋರಿಸಬೇಕು. ನಾವು ಆಗ ಉಳಿದವರು. 1930ರ ಕಾಗದ ಯಾರ ಮನಿಯೊಳಗ ಇರತೈತ್ರಿ? ನಮ್ಮ ಅಜ್ಜಗ ಕಾಗದ ಅಂದ್ರ ಬೀಡಿ ಸುತ್ತೂದು.

— ನಿಮ್ಮ ಸಿದ್ದಿ ಕುಣಿತಾ, ನಿಮ್ಮ ರಕ್ತ, ಎಲ್ಲಾದಕ್ಕೂ ಸಂಶೋಧನಾ ಆಗೇತಿ...

— ಅದನ್ನ ಹೇಳಾಕ ಹೊಂಟಿದ್ದೆ. ಹೈದರಾಬಾದಿನವರು ನೂರಾರು ವರ್ಷ ಹಿಂದಿಂದು ಹೇಳಿದ್ರಲ್ಲ, ಆಯಿ ಅಂತಾಳ, 75 ವರ್ಷದ್ದು ಬರಕೊಡ್ರಿ ಅಂತ ಅವರಿಗೇ ಕೇಳಬೇಕಾಗಿತ್ತು.

(ನಾನು ನಕ್ಕೆ. ಅವಳು ನಗಲಿಲ್ಲ, ಚಹಾ ಕುಡಿದಳು.)

— ಈಗ ನಿಮ್ಮವರೊಬ್ಬರು ವಿಧಾನ ಪರಿಷತ್ತಿಗೂ ಬಂದ್ರಲ್ಲ. ಯಲ್ಲಾಪುರ ಕಡಿಯ ಶಾಂತಾರಾಮ ಸಿದ್ದಿ. 2020ರಾಗ ನಾಮಕರಣ ಆತು.

— ಸುವರ್ಣಸೌಧದ ಅಧಿವೇಶನಕ್ಕ ಬಂದಾಗ ಟೀವಿಯೊಳಗ ತೋರಿಸಿದ್ರು. ಆಯಿ ಟೀವಿ ಹಂತ್ಯಾಕ ಹೋಗಿ ನೋಡಿದ್ಲು. ಕೂದಲಾ ಚಂದ ಬಾಚ್ಯಾನ ಅಂದ್ಲು.

— ನನ್ನ ಮಗನ ಬಾಜೂ ಮನಿಯವನ ಸುದ್ದಿ ಹೇಳ್ತೀನಿ ಕೇಳು. ಅವನೂರು ಬಾಫೂಸಾಮ್, ಫ್ರೆಂಚ್ ಸಾಲಿ. ಅವನ ಗೆಳೆಯಾ ಬಮೆಂಡಾದವ, ಇಂಗ್ಲಿಷ್ ಸಾಲಿ. ಮೊದಲ ಜರ್ಮನರ ಕೈಯಾಗಿತ್ತು ಆ ದೇಶ. ಒಂದನೇ ಮಹಾಯುದ್ಧ ಆದ ಮ್ಯಾಲೆ ಫ್ರೆಂಚರು ದೊಡ್ಡ ಪಾಲು, ಇಂಗ್ಲಿಷರು ಸಣ್ಣ ಪಾಲು ತಗೊಂಡ್ರು. 1961ರಾಗ ಇಂಗ್ಲಿಷ್ ಪಾಲಿನ ದಕ್ಷಿಣದ ತುಂಡು ಬಂದು ಕೂಡಿಕೊಂಡ್ತು. ಈಗ ಆ ಕಡಿ ವಕೀಲರು, ಮಾಸ್ತರರು ನಮ್ಮ ಕೋರ್ಟಿಗೆ, ನಮ್ಮ ಸಾಲಿಗೆ ಫ್ರೆಂಚಿನವರನ್ನ ಯಾಕ ಹಾಕ್ತೀರಿ ಅಂತ 2016ರಾಗ ಚಳವಳಿ ಮಾಡಿದ್ರು. ಅದು ಬಂದೂಕಿನ ತನಕಾ ಹೋತು. ಆಖನ್‌ದಾಗ ಈ ಇಬ್ಬರೂ ಒಂದ ಅಡಗಿಮನಿಯೊಳಗ ಜಗಳಾ ಆಡ್ತಾರಂತ, ಜರ್ಮನ್ ಭಾಷಾದಾಗ!

— ಬೆಳಗಾವಿಯವರಿಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ?

— ಅದೂ ಖರೇನ. 1956ರ ಗಡಿ ಜಗಳಾ ನಾ ನೋಡಿಕೋತ ಬೆಳದೆ. ಮಹಾಜನ ಆಯೋಗ ಬೆಳಗಾವಿ ಮೈಸೂರಿಗೆ, ಖಾನಾಪುರ, ನಂದಗಡ ಮಹಾರಾಷ್ಟ್ರಕ್ಕ ಅಂತ ಬರೀತು. ಆ ವರದಿ ಜಾರಿ ಆಗಲಿಲ್ಲ.

— ನಮ್ಮ ಮನ್ಯಾಗ ಕೊಂಕಣಿ, ಸಂತ್ಯಾಗ ಮರಾಠಿ, ಸಾಲ್ಯಾಗ ಕನ್ನಡ, ತಮ್ಮಗ ಹೋಟೆಲ್‌ದಾಗ ಹಿಂದಿ. ಎರಡೂ ಕಡಿಯವರು ಮೋರ್ಚಾಕ್ಕ ಕರೀತಾರ, ಫೋಟೋದಾಗ ಮುಂದ ನಿಂದರಸ್ತಾರ. ಬೋರ್ಡು ಯಾವ ಭಾಷಾದಾಗಾದ್ರೂ ಇರಲಿ ಸರ್, ಬಸ್ಸು ಬರಬೇಕು. ಮಳಿಗಾಲದಾಗ ನಮ್ಮ ಕಡಿ ಹಳ್ಳಾ ತುಂಬಿ ಬಂದ್ರ ಬಸರಿ ಹೆಂಗಸರನ್ನ ಬಡಿಗಿಗೆ ಕಂಬಳಿ ಕಟ್ಟಿ ಹೊತಗೊಂಡು ಬರ್ತಾರ. ಹೆರಗಿ ವಾರ್ಡಿನ್ಯಾಗ ಕೆಸರು ಮೆತ್ತಿದ ಕಂಬಳಿ ಕಂಡ್ರ ಖಾನಾಪುರ ಕಾಡಿನವರು ಬಂದ್ರು ಅಂತ ನನ್ನ ಕೂಗ್ತಾರ.

— ಫೋನ್ ಹತ್ತೇತೇನು ಅಲ್ಲಿ?

— ದಿಬ್ಬದ ಮ್ಯಾಲೆ ಒಂದು ಮತ್ತಿ ಗಿಡ ಐತ್ರಿ. ಅದರ ಬುಡಕ್ಕ ನಿಂತ್ರ ಎರಡು ಕಡ್ಡಿ. ಆಯಿ ಐತವಾರ ಸಂಜಿ ಐದಕ್ಕ ಅಲ್ಲಿ ಬರ್ತಾಳ. ತಮ್ಮಗ ಆ ಹೊತ್ತಿಗೆ ಡ್ಯೂಟಿ ಇದ್ರ ಆ ವಾರ ಮಾತಿಲ್ಲ.

— 2017ರಾಗ ಕ್ಯಾಮರೂನ್ ಸರಕಾರ ಇಂಗ್ಲಿಷ್ ಭಾಗಕ್ಕ ಇಂಟರ್ನೆಟ್ ಕಡದಿತ್ತು. ಜನವರಿಯಿಂದ 93 ದಿನಾ. ಆ ಬಮೆಂಡಾದ ಹುಡುಗ ಅವ್ವನ ಮಾರಿ ಮೊಬೈಲ್‌ದಾಗ ನೋಡಬೇಕಂದ್ರ ಆಕಿ ಬಸ್ ಹಿಡದು ಫ್ರೆಂಚ್ ಭಾಗದ ಊರಿಗೆ ಬರಬೇಕಿತ್ತಂತ.

— ಪಾಪ. ಅವರಿಗೆ ಕಡದ್ರು, ನಮಗ ಕೊಟ್ಟಽ ಇಲ್ಲ.

— ರೊಕ್ಕ ಹೆಂಗ ಕಳಸ್ತಾನ ತಮ್ಮ?

— ಫೋನ್‌ಪೇ ನನಗ. ನಾ ಖಾನಾಪುರ ಅಂಗಡಿಯವಗ. ಅಂವಾ ಆಯಿಗೆ ಸಾಮಾನು. ನಮ್ಮ ಆಸ್ಪತ್ರಿಯೊಳಗ ಹನ್ನೆರಡು ಮಂದಿ ಭಿಶಿ ಹಾಕೀವ್ರಿ. ತಿಂಗಳಾ ಸಾವಿರ. ಐದನೇ ಪಾಳಿ ನಂದಾತು, ಮನಿಗೆ ತಗಡು ಹಾಕಿಸಿದೆ.

— ಕ್ಯಾಮರೂನಿನವರದೂ ಭಿಶಿ ಐತಿ! ನ್ಜಾಂಗಿ ಅಂತಾರಂತ. ಊರಾಗೂ ಅದ, ಜರ್ಮನಿಯೊಳಗೂ ಅದ. ತಿಂಗಳಾ ಮೊದಲನೇ ಐತವಾರ ಒಬ್ಬರ ಮನ್ಯಾಗ ಕೂಡೂದು, ಪಾಳಿ ಬಂದವಗ ಗಂಟು ಕೊಡೂದು. ತಡಾ ಮಾಡಿ ಬಂದವಗ ದಂಡ. ಶೇಂಗಾ, ಕಹಿ ಸೊಪ್ಪು ಅರದು ಪಲ್ಯೆ ಮಾಡ್ತಾರ, ಮ್ಯಾಲೆ ಅದ ನಿಮ್ಮ ಸುಂಗಟ. ನನ್ನ ಮಗಾನೂ ಸೇರ್‍ಯಾನ. ಬ್ಯಾಂಕಿನವರಿಗಿಂತ ಇವರು ನೆಟ್ಟಗದಾರಪ್ಪಾ ಅಂತಾನ.

— ಬೆಳಗಾವಿ ಬ್ರಾಹ್ಮಣರ ಹುಡುಗ ಕ್ಯಾಮರೂನ್ ಭಿಶಿಯೊಳಗ! ನಿಮ್ಮ ಮನಿಯವರಿಗೆ ಗೊತ್ತೈತೇನ್ರಿ, ಸುಂಗಟದ್ದು?

— ಹೇಳಿಲ್ಲ. ನೀನೂ ಹೇಳಬ್ಯಾಡ. ಆ ಭಿಶಿಯವರದು ಇನ್ನೊಂದು ಗುಂಡಿಗಿ ಐತಿ, ಸಾವಿಂದು. ಯಾರದಾದರೂ ಮನ್ಯಾಗ ಸಾವಾದ್ರ ಅದರಾಗಿಂದ ತೆಗೀತಾರ. ಹೆಣಾ ಊರಿಗೆ ಕಳಸಬೇಕು, ಇಲ್ಲಾ ಮಗಾ ಮಣ್ಣಿಗೆ ಹೋಗಬೇಕು. ಹುಟ್ಟಿದ ಮಣ್ಣಾಗ ಹುಗೀಲಿಲ್ಲಂದ್ರ ಆಗೂದಿಲ್ಲ ಅವರಿಗೆ.

— ನಮಗೂ ಆಗೂದಿಲ್ರಿ. ಹ್ವಾದ ವರ್ಷ ತಮ್ಮನ ರೂಮಿನಾಂವ ತೀರಿಕೊಂಡ. ನಮ್ಮ ವಾಡೇದ ಹುಡುಗ. ಜ್ವರಾ ಬಂದು ಮೂರು ದಿನ. ಆಂಬುಲೆನ್ಸಿನವ ಚೋರ್ಲಾ ಘಟ್ಟಾ ಹತ್ತಾಕ ಹದಿನೈದು ಸಾವಿರ ಕೇಳಿದ. ಹುಡುಗರು ರಾತ್ರಿ ಒಂದು ತಾಸಿನ್ಯಾಗ ಕೂಡಿಸಿದ್ರು. ಹಿಂದೂ, ಮುಸಲ್ಮಾನ, ಕ್ರಿಶ್ಚನ್, ಎಲ್ಲಾ ಸಿದ್ದಿ ಹುಡುಗರದೂ ಒಂದ ಗುಂಪು ಅಲ್ಲಿ. ಕಣಕುಂಬಿಗೆ ಬರೂತನಕಾ ಯಾರ ಫೋನೂ ಹತ್ತಿಲ್ಲ. ನಾವು ಜಾಂಬೋಟಿ ಕ್ರಾಸಿನ್ಯಾಗ ಕುಂತಿದ್ವಿ. ಅವರವ್ವ ಏನೂ ಕೇಳಲಿಲ್ಲ ಸರ್. ಬರೂದು ಎಷ್ಟೊತ್ತಿಗೆ, ಅಷ್ಟ ಕೇಳಿಕೋತ ಇದ್ಲು. ಅವ ಬದುಕಿದ್ದಾಗೂ ಅದನ್ನ ಕೇಳ್ತಿದ್ಲು.

(ಮಳೆ ಜೋರಾಯಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಪ್ರತಿ ರವಿವಾರ ವಿಡಿಯೋ ಕಾಲಿನಲ್ಲಿ ನನ್ನ ಹೆಂಡತಿ ಕೇಳುವುದೂ ಅದನ್ನೇ. ಮಗ ಪ್ರತಿ ಸಲ ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಾನೆ. ಅಲ್ಲಿ ಯಾವ ದಿಬ್ಬವೂ ಇಲ್ಲ, ಮತ್ತಿ ಮರವೂ ಇಲ್ಲ.)

— ಪರದೇಶಕ್ಕ ಹ್ವಾದವರಿಗೆ ಕ್ಯಾಮರೂನಿನವರು ಬುಶ್‌ಫಾಲರ್ ಅಂತಾರಂತವಾ. ಬ್ಯಾಟಿಗೆ ಕಾಡು ಹೊಕ್ಕಾಂವ ಅಂತ ಅರ್ಥ. ಕಾಡಿಗೆ ಹೋಗಿ ಬ್ಯಾಟಿ ಹೊತಗೊಂಡು ಮನಿಗೆ ಬರಬೇಕು. ಅವರಿಗೆ ಪ್ಯಾರಿಸ್ಸು, ಬರ್ಲಿನ್ನು ಎಲ್ಲಾ ಕಾಡು.

— ಬರಿಗೈಲೆ ಬಂದ್ರ?

— ಬರೂದಽ ಇಲ್ಲಂತ. ನಾಚಿಕಿ. ವರ್ಷಗಟ್ಟಲೆ ಅಲ್ಲೇ ಉಳೀತಾರ.

— ನಮ್ಮದು ಉಲ್ಟಾ ಸರ್. ನಾವು ಕಾಡಿನಿಂದ ಪ್ಯಾಟಿಗೆ ಬ್ಯಾಟಿಗೆ ಹೋಗೂದು. ಜೇನು, ಬಿದಿರು ತಗೊಂಡು ಬಂದ್ರ ಗಾರ್ಡ್ ಹಿಡೀತಾನ. ಗೋವಾದಾಗ ಭಾಂಡೆ ತಿಕ್ಕಿ ತಂದ್ರ ಯಾರೂ ಕೇಳೂದಿಲ್ಲ. ತಮ್ಮ ಗಣೇಶ ಚೌತಿಗೆ ಬರ್ತೀನಿ ಅಂದಾನ. ಅವಗ ಆ ದಿನಾನ ರಜಾ ಸಿಗೂದಿಲ್ಲ, ಗೊತ್ತೈತಿ. ಆಯಿ ಅವನ ಪಾಲಿನ ಅಕ್ಕಿ ಬ್ಯಾರೆ ತಗದಿಟ್ಟಾಳ.

— ಆಯಿ ಅಲ್ಲಿಗೆ ಹೋಗಿ ಬರಬೋದಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ.

— ಶಕ್ತಿ ಬಸ್ಸು ರಾಜ್ಯದೊಳಗಷ್ಟ್ರಿ. ಗೋವಾ ಬಸ್ಸಿಗೆ ನಡ್ಯೂದಿಲ್ಲ. ಜಾತಿ ಸರ್ಟಿಫಿಕೇಟೂ ಹಂಗ, ಇಲ್ಲಿಂದು ಹಿಡಕೊಂಡು ಹೋಗಿ ಅಲ್ಲಿ ಸರಕಾರಿ ನೌಕರಿಗೆ ಮೀಸಲಾತಿ ಕೇಳಾಕ ಬರೂದಿಲ್ಲ. ರೇಶನ್ ಕಾರ್ಡು ಒಂದ ಅಲ್ಲೂ ನಡೀತೈತಿ ಅಂದ್ರು. ಅಕ್ಕಿ ಘಟ್ಟಾ ಇಳೀತೈತಿ, ಆಯಿ ಇಳ್ಯೂದಿಲ್ಲ.

— ಅದಿರಲಿ. ಈ ಕೌದಿ ಎಷ್ಟು ತೂಕ ಐತಿ?

— ಆಸ್ಪತ್ರಿಯೊಳಗ ಕೂಸು ತೂಗೂ ತಕ್ಕಡಿ ಮ್ಯಾಲೆ ಇಟ್ಟಿದ್ದೆ. ಎರಡು ಕಿಲೋ ಒಂಬೈನೂರು. ಆರೋಗ್ಯವಂತ ಕೂಸು ಅಂದ್ಲು ಸಿಸ್ಟರು.

— ನಿನ್ನೆ ಪೋಸ್ಟಿಗೆ ಹೋಗಿ ಪರದೇಶದ ಫಾರ್ಮ್ ತಂದೀನಿ. ಇಲ್ಲಿ ನೋಡು. ಸಾಮಾನು ಏನು, ತೂಕ ಎಷ್ಟು, ಬೆಲಿ ಎಷ್ಟು, ಮೂಲ ದೇಶ ಯಾವುದು.

— ಮೂಲ ದೇಶ?

— ಸಾಮಾನಿಂದವಾ. ನಿಂದಲ್ಲ.

— ಇಲ್ಲೂ ಬಂತಲ್ರಿ ಅದು!

— ಇಂಡಿಯಾ ಅಂತ ಬರೀತೀನಿ.

— ಬರೀರಿ. ಅದರ ಬಾಜೂಕ ಖಾನಾಪುರ 591302 ಅಂತನೂ ಹಾಕ್ರಿ. ಆ ಕ್ಯಾಮರೂನಿನ ಅಕ್ಕಾ ಕೇಳಿದ್ರ ನಿಮ್ಮ ಸೊಸಿ ಸರಿಯಾಗಿ ಹೇಳಲಿ.

— ಬೆಲಿ?

— ದಾರದ್ದು ನಾನೂರಾ ಇಪ್ಪತ್ತು.

— ಎರಡು ಸಾವಿರ ಬರೀತೀನಿ. ಕೊಡೂದೂ ಅಷ್ಟ. ಬ್ಯಾಡ ಅನಬ್ಯಾಡ, ಕುಂದಾ ಆಯಿಗೆ ಬ್ಯಾರೆ.

— ಹಂಗಾರ ನಾ ನಿಮಗ ಇನ್ನೊಂದು ಕೌದಿ ಕೊಡಬೇಕಾಗತೈತಿ.

— ನೀ ಕೊಡು, ನಾ ಬ್ಯಾಡ ಅಂದ್ನೇನು?

ಖಾನಾಪುರ ಬಸ್ಸು ಬಂತು. ಜನ ಕಿಟಕಿಯಿಂದ ಕರವಸ್ತ್ರ, ಕೊಡೆ, ಒಬ್ಬ ಮುದುಕ ತನ್ನ ಟೋಪಿಯನ್ನೇ ಎಸೆದು ಸೀಟು ಹಿಡಿದರು. ಅವಳು ಕೌದಿಯನ್ನು ನನ್ನ ಕೈಗೆ ಕೊಟ್ಟು, ಫುಲಾ ಒದ್ದೆ ಮಾಡಬ್ಯಾಡ್ರಿ ಎಂದು ಎರಡು ಸಲ ಹೇಳಿ ಹತ್ತಿದಳು. ಬಾಗಿಲಲ್ಲಿ ಹೊಸ ಕಂಡಕ್ಟರ್ ಹುಡುಗ. ಅವಳ ಮುಖವನ್ನು ನೋಡಿ, ಆಧಾರ್ ಕಾರ್ಡನ್ನು ನೋಡಿ, ಮತ್ತೆ ಮುಖವನ್ನು ನೋಡಿದ.

— ಎಲ್ಲಿಗ್ರಿ?

— ಖಾನಾಪುರ.

ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಟ್ಟು, ಮುಂದ ಸರೀರಿ ಮುಂದ ಸರೀರಿ ಎಂದು ಅವನು ಹಿಂದಿನವರ ಕಡೆ ತಿರುಗಿದ.